ತಾನಾಗಿ ಓದುವ ಮಗು

ಹಳ್ಳಿಯ ಪ್ರಾಥಮಿಕ ಶಾಲೆಯ ಪಕ್ಕದಲ್ಲಿ ಹಾದುಹೋದವರಿಗೆಲ್ಲ ಒಂದು ಧ್ವನಿಯ ಪರಿಚಯವುಂಟು. ಮೂವತ್ತು ನಲವತ್ತು ಮಕ್ಕಳು ಒಕ್ಕೊರಲಿನಿಂದ ಪಾಠ ಓದುವ ಧ್ವನಿ ಅದು. ಉಪಾಧ್ಯಾಯರು ಒಂದು ಸಾಲು ಹೇಳುತ್ತಾರೆ. ಮಕ್ಕಳು ಅದನ್ನೇ ರಾಗವಾಗಿ ಎಳೆದು ಹೇಳುತ್ತಾರೆ. ದಾರಿಹೋಕನ ಕಿವಿಗೆ ಅದು ಇಂಪಾಗಿಯೇ ಇರುತ್ತದೆ. ಶಾಲೆ ನಡೆಯುತ್ತಿದೆ, ಮಕ್ಕಳು ಓದುತ್ತಿದ್ದಾರೆ ಎಂಬ ನೆಮ್ಮದಿಯಿಂದ ಅವನು ಮುಂದೆ ಹೋಗುತ್ತಾನೆ.

ನಾನೂ ಅಂಥದೊಂದು ಶಾಲೆಯಲ್ಲಿ ಕಲಿತವನು. ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯನ ಕಂಠ ನಮ್ಮೆಲ್ಲರ ಕಂಠಕ್ಕಿಂತ ದೊಡ್ಡದಾಗಿತ್ತು. ಉಪಾಧ್ಯಾಯರು ಹೊರಗೆ ಹೋದಾಗ ತರಗತಿಗೆ ಪಾಠ ಹೇಳಿಕೊಡುತ್ತಿದ್ದವನು ಅವನೇ. ಒಮ್ಮೆ ಇನ್ಸ್‌ಪೆಕ್ಟರು ಬಂದರು. ಸಹಜವಾಗಿಯೇ ಅವನನ್ನು ಎಬ್ಬಿಸಿ ನಿಲ್ಲಿಸಲಾಯಿತು. ಅವನು ಪಾಠವನ್ನು ಒಂದಕ್ಷರವೂ ತಪ್ಪದಂತೆ ಒಪ್ಪಿಸಿದ. ಸಾಹೇಬರು ಅವನ ಪುಸ್ತಕವನ್ನು ಕೈಗೆ ತೆಗೆದುಕೊಂಡು, ಪುಟದ ನಡುವೆ ಒಂದು ಪದದ ಮೇಲೆ ಬೆರಳಿಟ್ಟು, "ಇದೇನಪ್ಪ?" ಎಂದರು. ಅವನು ಆ ಬೆರಳನ್ನೊಮ್ಮೆ, ಅವರ ಮುಖವನ್ನೊಮ್ಮೆ ನೋಡಿ, ಪಾಠವನ್ನು ಮೊದಲಿನಿಂದ ಹೇಳತೊಡಗಿದ. ಆ ಪದದವರೆಗೆ ನಡೆದುಕೊಂಡು ಹೋಗುವುದಷ್ಟೇ ಅವನಿಗೆ ಗೊತ್ತಿದ್ದ ದಾರಿ. ಆದರೆ ಪದ ಬಂದಾಗ ಬಂದಿತೆಂದು ಅವನಿಗೆ ತಿಳಿಯಲಿಲ್ಲ. ಅದನ್ನು ದಾಟಿ ಮುಂದೆ ಹೋಗಿಬಿಟ್ಟ. ನಾವೆಲ್ಲ ನಕ್ಕೆವು. ಎರಡು ವರ್ಷ ನಮಗೆ ಓದು ಹೇಳಿಕೊಟ್ಟ ಹುಡುಗನಿಗೆ ಓದಲು ಬರುತ್ತಿರಲಿಲ್ಲ ಎಂಬುದು ನಮಗೂ ಅವತ್ತೇ ತಿಳಿದದ್ದು.

ಅನಂತರ ನಾನೂ ಉಪಾಧ್ಯಾಯನಾಗಿ ಚಿಕ್ಕ ಮಕ್ಕಳ ತರಗತಿಗಳಲ್ಲಿ ನಿಂತೆ. ಆ ಗೆಳೆಯನ ಮುಖ ನನ್ನನ್ನು ಬಿಟ್ಟು ಹೋಗಲಿಲ್ಲ. ಓದಲಾರದ ಮಗು ತರಗತಿಯಲ್ಲಿ ಎಲ್ಲಿ ಅಡಗಿರುತ್ತದೆ? ಅದನ್ನು ಹೊರಗೆ ಕರೆತಂದು, ತಾನಾಗಿ ಓದುವಂತೆ ಮಾಡುವ ಬಗೆ ಯಾವುದು? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ನಾವು ಎರಡು ಶತಮಾನಗಳ ಇತಿಹಾಸವನ್ನೇ ತಿರುವಿ ಹಾಕಬೇಕಾಗುತ್ತದೆ. ಇಂದಿನ ಈ ಭಾಷಣದಲ್ಲಿ ಆ ಇತಿಹಾಸದ ಕೆಲವು ಪುಟಗಳನ್ನು ನಿಮ್ಮ ಮುಂದಿಡುವೆ.

ನಮ್ಮ ನಾಡಿನಿಂದಲೇ ಪ್ರಾರಂಭಿಸೋಣ. 1822ರಲ್ಲಿ ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ ತನ್ನ ಪ್ರಾಂತದ ಕಲೆಕ್ಟರರಿಗೆಲ್ಲ ಒಂದು ಆದೇಶ ಕಳುಹಿಸಿ, ಆಯಾ ಜಿಲ್ಲೆಯ ದೇಶೀಯ ಪಾಠಶಾಲೆಗಳ ವಿವರಗಳನ್ನು ಕೇಳಿದನು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಕಳುಹಿಸಿದ ಉತ್ತರ ಅವುಗಳಲ್ಲೆಲ್ಲ ಹೆಚ್ಚು ವಿವರವಾದದ್ದು. ಆಗ ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಗೆ ಓದುತ್ತಿದ್ದ ಮಕ್ಕಳು 6,641. ಅವರಲ್ಲಿ ಹೆಣ್ಣುಮಕ್ಕಳು ಬರಿಯ 60.

ಕ್ಯಾಂಬೆಲ್ ಬಣ್ಣಿಸುವ ಆ ಶಾಲೆ ನಮ್ಮ ಅಜ್ಜಂದಿರ ಬಾಯಲ್ಲಿ ಕೂಲಿಮಠವೆಂದೂ ಐಗಳ ಮಠವೆಂದೂ ಕರೆಯಿಸಿಕೊಳ್ಳುತ್ತಿದ್ದ ಶಾಲೆಯೇ. ಬೆಳಗ್ಗೆ ಮೊದಲು ಬಂದ ಹುಡುಗನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಛಡಿಯ ಏಟು. ತಪ್ಪು ಮಾಡಿದವನನ್ನು ಕೈ ಕಟ್ಟಿ ಸೂರಿಗೆ ತೂಗುಹಾಕುವ ಕೋದಂಡದ ಶಿಕ್ಷೆಯ ಮಾತೂ ಅಲ್ಲಿದೆ. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಅನಂತರ ಹಲಗೆಗೆ, ಕಡತಕ್ಕೆ ಬರುತ್ತಿದ್ದರು. ಗಂಜಿ ಹಾಕಿ ಗಡುಸು ಮಾಡಿದ ಬಟ್ಟೆಯನ್ನು ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟು ಮಾಡಿದ ಕಡತ ಆಗಿನ ಸ್ಲೇಟು. ಚೆನ್ನಾಗಿ ಕಲಿತ ಹುಡುಗರು ಹಿಂದುಳಿದವರಿಗೆ ಹೇಳಿಕೊಡುತ್ತಿದ್ದರು. ಇಷ್ಟು ಅಗ್ಗವಾಗಿ ಬರವಣಿಗೆ ಕಲಿಸುವ, ಹುಡುಗರಿಂದ ಹುಡುಗರಿಗೆ ಕಲಿಸುವ ಈ ಕ್ರಮವನ್ನು ಕ್ಯಾಂಬೆಲ್ ಮನಸಾರೆ ಮೆಚ್ಚಿಕೊಂಡಿದ್ದಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವಾಗಿಯೇ ಇದೆ ಎಂದೂ ಹೇಳಿದ್ದಾನೆ. ಆದರೆ ಒಂದು ದೋಷವನ್ನು ಅವನು ಮರೆಮಾಚಲಿಲ್ಲ. ಶಾಲೆಯಲ್ಲಿ ಓದುತ್ತಿದ್ದ ಪುಸ್ತಕಗಳೆಲ್ಲ ಪದ್ಯದಲ್ಲಿದ್ದುವು. ಆಡುಮಾತಿಗೆ ದೂರವಾದ ಭಾಷೆಯಲ್ಲಿದ್ದುವು. ಹುಡುಗರು ನೂರಾರು ಪದ್ಯಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರು. ಅರ್ಥ ಮಾತ್ರ ಗಿಳಿಗೆ ತಿಳಿದಷ್ಟೇ ಅವರಿಗೂ ತಿಳಿಯುತ್ತಿತ್ತು.

ಇಲ್ಲಿ ನಾವು ಆ ಐಗಳನ್ನು ಹಳಿದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಓಲೆಯ ಗರಿಯ ಒಂದೇ ಪ್ರತಿಯಿದ್ದಾಗ ಹತ್ತು ಮಕ್ಕಳಿಗೆ ಕಲಿಸುವ ದಾರಿ ಯಾವುದು? ಒಬ್ಬನು ಹೇಳಬೇಕು, ಉಳಿದವರು ಹೇಳಿಸಿಕೊಳ್ಳಬೇಕು. ಒಕ್ಕೊರಲ ಓದು ಪುಸ್ತಕದ ಬಡತನದಿಂದ ಹುಟ್ಟಿದ ಜಾಣ್ಮೆ. ನಮ್ಮ ಹಿರಿಯರ ಸಾಹಿತ್ಯಭೋಗವೂ ಹೀಗೆಯೇ ನಡೆದದ್ದಲ್ಲವೆ? ಜಗಲಿಯ ಮೇಲೆ ಒಬ್ಬರು ಕುಮಾರವ್ಯಾಸ ಭಾರತವನ್ನೋ ಜೈಮಿನಿ ಭಾರತವನ್ನೋ ವಾಚಿಸಿದರೆ, ಊರಿಗೆ ಊರೇ ಕುಳಿತು ಕೇಳುತ್ತಿತ್ತು. ಅಕ್ಷರ ಅರಿಯದವರೂ ಕಾವ್ಯವನ್ನು ಅರಿತರು. 'ವಾಚನ' ಎಂಬ ಮಾತಿನಲ್ಲೇ ವಾಕ್ಕು ಇದೆ, ಧ್ವನಿ ಇದೆ. ಪಶ್ಚಿಮದ ಕಥೆಯೂ ಬಹಳ ಬೇರೆಯಲ್ಲ. ನಾಲ್ಕನೆಯ ಶತಮಾನದಲ್ಲಿ ಮಿಲಾನಿನ ಧರ್ಮಾಧಿಕಾರಿ ಆಂಬ್ರೋಸ್ ತುಟಿ ಅಲುಗಿಸದೆ ಕಣ್ಣಿನಿಂದಲೇ ಓದುತ್ತಿದ್ದುದನ್ನು ಸಂತ ಅಗಸ್ಟೀನ್ ತನ್ನ ಆತ್ಮನಿವೇದನೆಯಲ್ಲಿ ಎತ್ತಿ ಹೇಳುವಷ್ಟು ವಿಶೇಷವೆಂದು ಭಾವಿಸಿದ್ದನು.

ಹುಡುಗರಿಂದ ಹುಡುಗರಿಗೆ ಕಲಿಸುವ ಕ್ರಮ ಇಂಗ್ಲೆಂಡಿಗೆ ಹೋದದ್ದು ಆಂಡ್ರೂ ಬೆಲ್ ಎಂಬ ಪಾದ್ರಿಯ ಮೂಲಕ. 1789ರಲ್ಲಿ ಅವನು ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಗಂಡುಮಕ್ಕಳ ಶಾಲೆಗೆ ಮೇಲ್ವಿಚಾರಕನಾದನು. ಮರಳಿನ ಮೇಲೆ ಅಕ್ಷರ ಬರೆಯುತ್ತಿದ್ದ ದೇಶೀಯ ಶಾಲೆಯ ಮಕ್ಕಳನ್ನು ಕಂಡು, ಅದನ್ನೇ ತನ್ನಲ್ಲಿ ಅಳವಡಿಸಿಕೊಂಡನು. 1797ರಲ್ಲಿ ಲಂಡನ್ನಿನಲ್ಲಿ ಆ ಪ್ರಯೋಗವನ್ನು ಕುರಿತು ಪುಸ್ತಕ ಪ್ರಕಟಿಸಿದನು. ಅಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವನು ಬಡಮಕ್ಕಳಿಗಾಗಿ ಇದೇ ತೆರನ ದೊಡ್ಡ ಶಾಲೆ ನಡೆಸುತ್ತಿದ್ದನು. ಪುಸ್ತಕದ ಅಭಾವಕ್ಕೆ ಅವನು ಕಂಡುಕೊಂಡ ಉಪಾಯ ವಿಚಿತ್ರವಾದುದು. ಓದುವ ಪುಸ್ತಕವನ್ನು ಮೂರರಷ್ಟು ದೊಡ್ಡ ಅಕ್ಷರಗಳಲ್ಲಿ ಒಂದೇ ಮಗ್ಗುಲಿಗೆ ಅಚ್ಚುಮಾಡಿಸಿ, ರಟ್ಟಿಗೆ ಅಂಟಿಸಿ, ಗೋಡೆಯ ಮೊಳೆಗೆ ತೂಗುಹಾಕುವುದು. ಮಕ್ಕಳು ಅದರೆದುರು ಅರ್ಧಚಂದ್ರಾಕಾರವಾಗಿ ನಿಂತು ಸರದಿಯ ಮೇಲೆ ಓದುವುದು. ಒಂದೇ ರಟ್ಟಿನಿಂದ ಮೂರು ಗಂಟೆಯೊಳಗೆ ಇನ್ನೂರು ಹುಡುಗರು ಪಾಠ ಒಪ್ಪಿಸಬಹುದೆಂದು ಅವನ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಆ ಇನ್ನೂರರಲ್ಲಿ ಯಾವ ಹುಡುಗನ ಕೈಯಲ್ಲೂ ಪುಸ್ತಕವಿರಲಿಲ್ಲ. ಪುಟ ತಿರುವುವ ಸುಖ, ಬೇಕಾದಲ್ಲಿ ನಿಲ್ಲುವ ಸ್ವಾತಂತ್ರ್ಯ, ಮುಂದೇನಾಯಿತೆಂದು ಕದ್ದು ನೋಡುವ ಕುತೂಹಲ ಇವಾವುವೂ ಗೋಡೆಯ ಮೇಲಿನ ರಟ್ಟಿಗೆ ಇಲ್ಲ.

ಅಚ್ಚಿನ ಯಂತ್ರಗಳು ಹೆಚ್ಚಿ, ಪುಸ್ತಕ ಅಗ್ಗವಾದ ಮೇಲಾದರೂ ಮಗು ತಾನಾಗಿ ಓದುವ ದಿನ ಬಂದಿತೆ? ಬರಲಿಲ್ಲ. ಬಡತನ ಮಾಡಿದ್ದ ಕೆಲಸವನ್ನು ಈಗ ಪರೀಕ್ಷೆ ಮಾಡಿತು. 1862ರಲ್ಲಿ ಇಂಗ್ಲೆಂಡಿನಲ್ಲಿ ಜಾರಿಗೆ ಬಂದ ನಿಯಮಾವಳಿಯಂತೆ ಶಾಲೆಗೆ ಸಿಗುವ ಸರಕಾರದ ಹಣ ಮಕ್ಕಳು ಓದು, ಬರಹ, ಲೆಕ್ಕಗಳಲ್ಲಿ ತೇರ್ಗಡೆಯಾಗುವುದನ್ನು ಅವಲಂಬಿಸಿತು. ಫಲಿತಾಂಶಕ್ಕೆ ತಕ್ಕ ಸಹಾಯಧನ ಎಂಬ ಈ ತತ್ತ್ವ ಅದೇ ದಶಕದಲ್ಲಿ ಮದರಾಸು, ಮುಂಬಯಿ ಪ್ರಾಂತಗಳಿಗೂ ಬಂದಿತು. ಆಗ ಕನ್ನಡದ ಜಿಲ್ಲೆಗಳಲ್ಲಿ ಬಳ್ಳಾರಿ, ದಕ್ಷಿಣ ಕನ್ನಡಗಳು ಮದರಾಸಿಗೂ, ಧಾರವಾಡ, ಬೆಳಗಾವಿಗಳು ಮುಂಬಯಿಗೂ ಸೇರಿದ್ದುವೆಂಬುದನ್ನು ನೆನೆಯಬೇಕು. ಇನ್ಸ್‌ಪೆಕ್ಟರು ವರ್ಷಕ್ಕೊಮ್ಮೆ ಬರುವುದು, ಗೊತ್ತಾದ ಪುಸ್ತಕದಿಂದ ಒಂದು ಭಾಗವನ್ನು ಓದಿಸುವುದು. ಮಗು ಓದಿದರೆ ಹಣ, ತಡವರಿಸಿದರೆ ಕಡಿತ. ಹೀಗಾದಾಗ ಉಪಾಧ್ಯಾಯನು ಏನು ಮಾಡಿಯಾನು? ವರ್ಷವಿಡೀ ಆ ಒಂದೇ ಪುಸ್ತಕವನ್ನು ಮಕ್ಕಳ ಬಾಯಿಗೆ ಹತ್ತಿಸುತ್ತಾನೆ. ಕವಿಯೂ ಶಾಲಾ ಇನ್ಸ್‌ಪೆಕ್ಟರನೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಈ ಕ್ರಮವನ್ನು ತನ್ನ ವರದಿಗಳಲ್ಲಿ ಎಡೆಬಿಡದೆ ಟೀಕಿಸಿದನು. ನಿಜವಾಗಿ ಓದಲು ಬಾರದ ಮಗುವನ್ನೂ ಓದಿನ ಪರೀಕ್ಷೆಯಲ್ಲಿ ದಾಟಿಸಬಹುದು ಎಂಬುದು ಅವನು ಕಂಡುಕೊಂಡ ಕಹಿ ಸತ್ಯ. ನನ್ನ ಗೆಳೆಯನಿಗೆ ಎದುರಾದ ಇನ್ಸ್‌ಪೆಕ್ಟರು ಪುಟದ ನಡುವೆ ಬೆರಳಿಟ್ಟರು, ಬೆರಳಿಡದೆ ಹೋದವರೆಷ್ಟೋ!

ಇಪ್ಪತ್ತನೆಯ ಶತಮಾನ ಪ್ರಾರಂಭವಾಗುತ್ತಿದ್ದಂತೆ ಗಾಳಿ ಬೇರೆ ಕಡೆಗೆ ಬೀಸಿತು. 1907ರ ಜನವರಿ 6ರಂದು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ ಡಾಕ್ಟರ್ ಮರಿಯಾ ಮಾಂಟೆಸೊರಿ ಮಕ್ಕಳ ಮನೆಯೊಂದನ್ನು ತೆರೆದಳು. ಓದಿನ ಬಗೆಗೆ ಆಕೆ ಮಾಡಿದ ಒಂದು ಪ್ರಯೋಗ ಮನನೀಯವಾದುದು. ಸಣ್ಣ ಚೀಟಿಗಳ ಮೇಲೆ ಆಟಿಕೆಗಳ ಹೆಸರುಗಳನ್ನು ಬರೆದು ಮಡಿಸಿಡುವುದು. ಮಗು ಒಂದು ಚೀಟಿ ಎತ್ತಿಕೊಂಡು, ಯಾರಿಗೂ ತೋರಿಸದೆ ಮನಸ್ಸಿನಲ್ಲೇ ಓದಿಕೊಂಡು, ಅನಂತರ ಆ ಹೆಸರನ್ನು ಸರಿಯಾಗಿ ಹೇಳಿದರೆ ಆ ಆಟಿಕೆ ಅದರದು. ಆದರೆ ಮಕ್ಕಳು ಆಟಿಕೆಗಳನ್ನು ಬದಿಗಿಟ್ಟು, ಇನ್ನೊಂದು ಚೀಟಿ, ಮತ್ತೊಂದು ಚೀಟಿ ಎಂದು ಬುಟ್ಟಿಗೆ ಮುತ್ತಿಕೊಂಡರು. ಬೊಂಬೆಗಿಂತ ಅವರಿಗೆ ಓದೇ ದೊಡ್ಡ ಆಟವಾಯಿತು. ಮುಂದೆ ಆಕೆ ಚೀಟಿಗಳಲ್ಲಿ ಆಜ್ಞೆಗಳನ್ನು ಬರೆಯತೊಡಗಿದಳು. ಕಿಟಕಿ ಮುಚ್ಚು, ಬಾಗಿಲು ತೆರೆ ಎಂಬಂಥವು. ಮಗು ಓದಿಕೊಂಡು ಹಾಗೆಯೇ ಮಾಡಬೇಕು. ಪಾಠ ಒಪ್ಪಿಸುವ ಪ್ರಶ್ನೆಯೇ ಅಲ್ಲಿಲ್ಲ. ಓದಿದ್ದು ಅರ್ಥವಾಯಿತೆ ಇಲ್ಲವೆ ಎಂಬುದಕ್ಕೆ ಮಗುವಿನ ಕೈಕಾಲುಗಳೇ ಸಾಕ್ಷಿ. ಈ ಮಹಿಳೆ 1939ರಲ್ಲಿ ಭಾರತಕ್ಕೆ ಬಂದು, ಮದರಾಸಿನ ಅಡಯಾರಿನಲ್ಲಿ ಉಪಾಧ್ಯಾಯರಿಗೆ ತರಬೇತಿ ಕೊಟ್ಟು, ಯುದ್ಧದ ವರ್ಷಗಳನ್ನು ನಮ್ಮ ನೆಲದಲ್ಲೇ ಕಳೆದಳು.

ಆಕೆ ಬರುವುದಕ್ಕೆ ಎಷ್ಟೋ ಮೊದಲೇ ಆಕೆಯ ವಿಚಾರಗಳು ಗುಜರಾತಿನ ಭಾವನಗರವನ್ನು ಮುಟ್ಟಿದ್ದುವು. ವಕೀಲಿ ವೃತ್ತಿ ಬಿಟ್ಟು ಮಕ್ಕಳ ಬಳಿಗೆ ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಅಲ್ಲಿ ಬಾಲಮಂದಿರವನ್ನು ಪ್ರಾರಂಭಿಸಿದರು. 1930ರ ದಶಕದ ಆರಂಭದಲ್ಲಿ ಅವರು ಬರೆದ 'ದಿವಾಸ್ವಪ್ನ'ದ ಉಪಾಧ್ಯಾಯನು ಸರಕಾರಿ ಶಾಲೆಯ ತರಗತಿಯೊಂದನ್ನು ಪ್ರಯೋಗಕ್ಕಾಗಿ ಬೇಡಿ ಪಡೆಯುತ್ತಾನೆ. ಮೊದಲ ಕೆಲಸ ಕಥೆ ಹೇಳುವುದು. ಕಥೆಯ ರುಚಿ ಹತ್ತಿದ ಮೇಲೆ ಎರಡನೆಯ ಕೆಲಸ. ಪಠ್ಯಪುಸ್ತಕ ಕೊಳ್ಳುವ ಹಣವನ್ನು ಒಟ್ಟುಗೂಡಿಸಿ ಬಗೆಬಗೆಯ ಕಥೆ ಪುಸ್ತಕಗಳನ್ನು ತಂದು ತರಗತಿಯಲ್ಲೇ ಒಂದು ಪುಸ್ತಕಾಲಯ ಮಾಡುವುದು. ಒಂದೇ ಪುಸ್ತಕದ ನಲವತ್ತು ಪ್ರತಿಗಳ ಬದಲು ನಲವತ್ತು ಪುಸ್ತಕಗಳು! ಎಷ್ಟು ಸರಳವಾದ ಗಣಿತ! ಎಲ್ಲರ ಕೈಯಲ್ಲೂ ಒಂದೇ ಪುಸ್ತಕವಿರುವಾಗ ಓದಲಾರದವನು ಪಕ್ಕದವನ ಧ್ವನಿಯನ್ನು ಹಿಡಿದು ನಡೆಯಬಲ್ಲ. ಪ್ರತಿಯೊಬ್ಬನ ಕೈಯಲ್ಲೂ ಬೇರೆ ಬೇರೆ ಪುಸ್ತಕವಿದ್ದರೆ ಆ ಆಸರೆ ತಪ್ಪುತ್ತದೆ; ಅವನು ತನ್ನ ಕಣ್ಣಿನಿಂದಲೇ ನೋಡಬೇಕಾಗುತ್ತದೆ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಮೌನವಾಚನದ ಪರವಾಗಿ ದೊಡ್ಡ ಚಳವಳಿಯೇ ಎದ್ದಿತು. ಬಾಳಿನಲ್ಲಿ ನಾವು ಓದುವುದು ಬಹುಮಟ್ಟಿಗೆ ಮನಸ್ಸಿನಲ್ಲೇ. ಶಾಲೆಯಲ್ಲಿ ಮಾತ್ರ ಏಕೆ ಗಟ್ಟಿಯಾಗಿ ಓದಿಸಬೇಕು ಎಂಬ ಪ್ರಶ್ನೆ ಅದರ ಮೂಲ. ಪ್ರಶ್ನೆ ಯುಕ್ತವಾದದ್ದೇ. ಆದರೆ ಉತ್ಸಾಹಕ್ಕೆ ಮಿತಿಯಿರಲಿಲ್ಲ. 1930 ಮತ್ತು 40ರ ದಶಕಗಳಲ್ಲಿ ಚಿಕಾಗೋ ನಗರದ ಹಲವು ಶಾಲೆಗಳಲ್ಲಿ ಚಿಕ್ಕ ಮಕ್ಕಳಿಗೂ ಗಟ್ಟಿಯಾಗಿ ಓದಗೊಡದೆ, ಮೊದಲಿನಿಂದಲೇ ಮೌನವಾಗಿ ಕಲಿಸುವ ಪ್ರಯೋಗ ನಡೆಯಿತು. ಅದು ನೆಲೆಯೂರಲಿಲ್ಲ. ಆರು ವರ್ಷದ ಮಗು ಅಕ್ಷರವನ್ನು ನಾದವಾಗಿಸಿಯೇ ಅರಿಯಬೇಕು. ಅದರ ತುಟಿ ಅಲುಗುತ್ತದೆ, ಬೆರಳು ಸಾಲಿನ ಮೇಲೆ ಸರಿಯುತ್ತದೆ, ಗುನುಗು ಕೇಳುತ್ತದೆ. ಈ ಗುನುಗು ದೋಷವಲ್ಲ. ಒಕ್ಕೊರಲಿಗೂ ಮೌನಕ್ಕೂ ನಡುವಿನ ಸೇತುವೆ. ಮಾತು ಒಳಗಿಳಿದು ಆಲೋಚನೆಯಾಗುವ ಹಾಗೆ ಓದೂ ಮೆಲ್ಲಮೆಲ್ಲನೆ ಒಳಗಿಳಿಯುತ್ತದೆ. ಚಿಕ್ಕ ತರಗತಿಯ ಸ್ವತಂತ್ರ ವಾಚನವೆಂದರೆ ಸ್ಮಶಾನಮೌನವಲ್ಲ, ಜೇನುಗೂಡಿನ ಗುಂಜಾರವ.

1960ರ ದಶಕದಲ್ಲಿ ವರ್ಮಾಂಟ್ ವಿಶ್ವವಿದ್ಯಾಲಯದ ಲೈಮನ್ ಹಂಟ್ ಎಂಬ ಪ್ರಾಧ್ಯಾಪಕರು ದಿನಕ್ಕೊಂದು ಗೊತ್ತಾದ ಹೊತ್ತಿನಲ್ಲಿ ತರಗತಿಯೆಲ್ಲ ತನ್ನಷ್ಟಕ್ಕೆ ಓದುವ ಪದ್ಧತಿಯನ್ನು ಪ್ರಚಾರಕ್ಕೆ ತಂದರು. ಆ ಪದ್ಧತಿಯನ್ನು ಹೊಸದಾಗಿ ಪ್ರಾರಂಭಿಸುವ ಬಗೆಯನ್ನು ರಾಬರ್ಟ್ ಮೆಕ್‌ಕ್ರ್ಯಾಕನ್ ಎಂಬುವರು 1971ರಲ್ಲಿ ಕೆಲವೇ ನಿಯಮಗಳಲ್ಲಿ ಹೇಳಿದರು. ಪ್ರತಿಯೊಂದು ಮಗುವೂ ತಾನೇ ಒಂದು ಪುಸ್ತಕ ಆರಿಸಿಕೊಳ್ಳಬೇಕು. ಗೊತ್ತಾದ ಹೊತ್ತು ಮುಗಿಯುವವರೆಗೆ ಅದನ್ನು ಬದಲಿಸಬಾರದು. ಹೊತ್ತನ್ನು ಗಂಟೆ ಬಾರಿಸುವ ಗಡಿಯಾರ ಅಳೆಯಬೇಕು. ಮಕ್ಕಳು ಗೋಡೆಯ ಗಡಿಯಾರವನ್ನು ನೋಡುತ್ತ ಕೂರಬಾರದು. ಓದಿದ್ದಕ್ಕೆ ವರದಿ, ಪ್ರಶ್ನೆ, ಅಂಕ ಯಾವುದೂ ಇರಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಹೊತ್ತಿನಲ್ಲಿ ಉಪಾಧ್ಯಾಯರೂ ತಮ್ಮದೊಂದು ಪುಸ್ತಕ ಹಿಡಿದು ಓದಬೇಕು. ಓದುವ ದೊಡ್ಡವರನ್ನು ಮನೆಯಲ್ಲಿ ಕಾಣದ ಮಗು ಶಾಲೆಯಲ್ಲಾದರೂ ಒಬ್ಬರನ್ನು ಕಾಣಲಿ ಎಂಬುದು ಅದರ ಆಶಯ. ಈ ಪದ್ಧತಿ ಶಾಲೆಯಿಂದ ಶಾಲೆಗೆ ಹಬ್ಬಿತು.

ಆದರೆ 2000ದಲ್ಲಿ ಅಮೆರಿಕದ ರಾಷ್ಟ್ರೀಯ ವಾಚನ ಸಮಿತಿ ಅದುವರೆಗಿನ ಸಂಶೋಧನೆಗಳನ್ನೆಲ್ಲ ತೂಗಿ ನೋಡಿ ಒಂದು ತಣ್ಣೀರು ಎರಚಿತು. ಸುಮ್ಮನೆ ಮೌನವಾಗಿ ಓದಲು ಬಿಟ್ಟ ಮಾತ್ರಕ್ಕೆ ಮಕ್ಕಳ ಓದು ಸುಧಾರಿಸುವುದೆಂದು ಹೇಳಲು ಸಾಕಷ್ಟು ಆಧಾರವಿಲ್ಲ ಎಂಬುದು ಅದರ ಮಾತಿನ ತಿರುಳು. ಓದಿನಿಂದ ಲಾಭವಿಲ್ಲವೆಂದು ಅದು ಹೇಳಲಿಲ್ಲ, ಆಧಾರ ಸಾಲದೆಂದಿತು. ಆದರೂ ಬಹಳ ಜನಕ್ಕೆ ನೋವಾಯಿತು. ನನಗೆ ಮಾತ್ರ ನನ್ನ ಗೆಳೆಯನ ನೆನಪು ಬಂದಿತು. ಒಕ್ಕೊರಲಿನಲ್ಲಿ ಅಡಗಿದ್ದ ಅವನು ಮೌನದಲ್ಲಿ ಅಡಗಲಾರನೆ? ಪುಸ್ತಕ ಬಿಡಿಸಿ ಹಿಡಿದುಕೊಂಡು, ಹೊತ್ತಿಗೆ ಸರಿಯಾಗಿ ಪುಟ ತಿರುವುತ್ತ, ಇಪ್ಪತ್ತು ನಿಮಿಷ ಚಿತ್ರದಂತೆ ಕುಳಿತಿರಬಲ್ಲ. ಗದ್ದಲವೂ ಓದಲಾರದ ಮಗುವನ್ನು ಮುಚ್ಚುತ್ತದೆ, ಮೌನವೂ ಮುಚ್ಚುತ್ತದೆ. ಅದನ್ನು ಹೊರಗೆಳೆಯುವುದು ಒಂದೇ ಒಂದು. ಮಗುವಿನ ಪಕ್ಕದಲ್ಲಿ ಕುಳಿತು ಅದರ ಓದಿಗೆ ಕಿವಿಗೊಡುವ ಒಬ್ಬ ದೊಡ್ಡವರು. ಮೌನದ ಹೊತ್ತಿನಲ್ಲಿ ಉಪಾಧ್ಯಾಯರು ತಮ್ಮ ಪುಸ್ತಕವನ್ನು ಮಡಿಸಿಟ್ಟು, ದಿನಕ್ಕೆ ಮೂರೋ ನಾಲ್ಕೋ ಮಕ್ಕಳ ಬಳಿ ಹೋಗಿ, ಪಿಸುದನಿಯಲ್ಲಿ ಓದಿಸಿಕೊಂಡು, ತೊಡಕಿದ ಪದ ಬಿಡಿಸಿ, ಮುಂದಿನ ಪುಸ್ತಕ ಆರಿಸಲು ನೆರವಾದರೆ ಚಿತ್ರವೇ ಬದಲಾಗುತ್ತದೆ. ಮುಂದೆ ನಡೆದ ಪ್ರಯೋಗಗಳು ಹಿಡಿದದ್ದು ಈ ದಾರಿಯನ್ನೇ.

ಇನ್ನು ನಮ್ಮ ಕನ್ನಡದ ವಿಚಾರ. ತಾನಾಗಿ ಓದುವ ದಾರಿಯಲ್ಲಿ ಕನ್ನಡದ ಮಗುವಿಗೆ ಇಂಗ್ಲಿಷಿನ ಮಗುವಿಗಿಲ್ಲದ ಒಂದು ಅನುಕೂಲವೂ ಒಂದು ತೊಡಕೂ ಇವೆ. ಬರೆದಂತೆ ಓದುವ ಲಿಪಿ ಎಂಬುದು ಅನುಕೂಲ. ಆದರೆ ಅಲ್ಲಿ 26 ಅಕ್ಷರ. ಇಲ್ಲಿ 34 ವ್ಯಂಜನಗಳ ಕಾಗುಣಿತವೆಂದರೆ ನಾನೂರಕ್ಕೂ ಮೇಲ್ಪಟ್ಟ ರೂಪಗಳು. ಅದರ ಮೇಲೆ ಒತ್ತಕ್ಷರಗಳ ಪಡೆ. ಇವನ್ನೆಲ್ಲ ಗೆದ್ದ ಮೇಲೆಯೇ ಪುಸ್ತಕ ಎಂದರೆ ಎರಡು ಮೂರು ವರ್ಷ ಕಾಯಬೇಕು. ಅಷ್ಟರಲ್ಲಿ ಬಾಯಿಪಾಠದ ಅಭ್ಯಾಸ ಬೇರೂರಿರುತ್ತದೆ.

ಈ ಗಂಟನ್ನು ಬಿಡಿಸುವ ಒಂದು ಯತ್ನ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಪ್ರಾರಂಭವಾಯಿತು. ಆಂಧ್ರದ ಋಷಿ ವ್ಯಾಲಿಯ ಗ್ರಾಮಶಾಲೆಗಳನ್ನು ನೋಡಿಬಂದ ಸರಕಾರಿ ಶಾಲೆಯ ಉಪಾಧ್ಯಾಯರೇ ಕಾರ್ಡುಗಳನ್ನು ಬರೆದು, ಕಲಿಕೆಯ ಏಣಿಯನ್ನು ಕಟ್ಟಿ ರೂಪಿಸಿದ 'ನಲಿ-ಕಲಿ' ಅದು. ಯುನಿಸೆಫ್ ನೆರವು ನೀಡಿತು. ಅದರಲ್ಲಿ ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ ಎಂಬ ಐದೇ ಅಕ್ಷರಗಳು. ಈ ಐದರಿಂದ ಏನಾದೀತೆಂದು ಕೇಳಬಹುದು. ಸರ, ಅರಸ, ಅಗಸ, ಗರಗಸ! ಐದು ಅಕ್ಷರ ಕಲಿತ ಮಗು ಅರಸನನ್ನೂ ಅಗಸನನ್ನೂ ತಾನಾಗಿಯೇ ಓದಿಕೊಳ್ಳುತ್ತದೆ. ಯಾರೂ ಹೇಳಿಕೊಟ್ಟಿರದ ಪದವನ್ನು ಬಿಡಿಸಿ ಓದಿದಾಗ ಅದರ ಮುಖದಲ್ಲಿ ಮೂಡುವ ಬೆಳಕನ್ನು ಕಂಡವರೇ ಬಲ್ಲರು. ಸ್ವತಂತ್ರ ವಾಚನ ಪ್ರಾರಂಭವಾಗುವುದು ಇಡೀ ವರ್ಣಮಾಲೆ ಮುಗಿದ ಮೇಲಲ್ಲ, ಐದನೆಯ ಅಕ್ಷರದಲ್ಲಿ. ನಲಿ-ಕಲಿಯ ತರಗತಿಯಲ್ಲಿ ಮಕ್ಕಳು ಬೆಂಚಿನ ಸಾಲುಗಳಲ್ಲಲ್ಲ, ಗುಂಪುಗುಂಪಾಗಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಈ ಗುಂಪುಗಳಿಗೆ ತಟ್ಟೆಗಳೆಂದು ಹೆಸರು. ಒಂದು ತಟ್ಟೆಯವರ ಜೊತೆ ಶಿಕ್ಷಕರಿರುತ್ತಾರೆ, ಇನ್ನೊಂದರವರು ಗೆಳೆಯರ ನೆರವಿನಿಂದ ಕಲಿಯುತ್ತಾರೆ, ಕೊನೆಯ ತಟ್ಟೆಯವರು ತಮ್ಮಷ್ಟಕ್ಕೆ ತಾವೇ. ಬಳ್ಳಾರಿಯ ಐಗಳ ಶಾಲೆಯಲ್ಲಿ ಕ್ಯಾಂಬೆಲ್ ಮೆಚ್ಚಿದ ಪದ್ಧತಿ ಕೋದಂಡವನ್ನು ಕಳಚಿಟ್ಟು ಮರಳಿ ಬಂದಿತೆಂದೇ ನನಗೆ ತೋರಿತು. 2009-10ರಲ್ಲಿ ಇದು ರಾಜ್ಯದ ಸರಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆಲ್ಲ ವಿಸ್ತರಿಸಿತು.

ಆದರೆ ಕಾರ್ಡು ಪುಸ್ತಕವಲ್ಲ. ಏಣಿ ಹತ್ತಿದ ಮಗುವಿಗೆ ಅಟ್ಟದ ಮೇಲೆ ಏನಾದರೂ ಸಿಗಬೇಕು. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಅವರಂಥವರು ಮಕ್ಕಳ ನಾಲಗೆಗೆ ಸವಿಯಾದ ಕನ್ನಡ ಕೊಟ್ಟರು. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ 'ಬಾಲ ಪ್ರಪಂಚ' ತಂದರು. ಆದರೂ ಅಕ್ಷರ ಆಗತಾನೆ ಕಲಿತ ಮಗು ಒತ್ತಕ್ಷರಕ್ಕೆ ಎಡವದೆ ಓದಿ ಮುಗಿಸಬಲ್ಲ, ಪುಟಕ್ಕೊಂದೇ ಸಾಲಿನ ಪುಸ್ತಕಗಳ ಕೊರತೆ ಬಹುಕಾಲ ಉಳಿದಿತ್ತು. 2004ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನಿಂದ ಕೆಲಸ ಮಾಡಿದ ಪ್ರಥಮ್ ಬುಕ್ಸ್ ಸಂಸ್ಥೆ ಓದಿನ ಮಟ್ಟಕ್ಕೆ ತಕ್ಕಂತೆ ನಾಲ್ಕು ಹಂತಗಳ ಅಗ್ಗದ ಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತಂದು ಈ ಕೊರತೆಯನ್ನು ಬಹಳಷ್ಟು ತುಂಬಿತು.

ಪುಸ್ತಕ ಬಂದರೆ ಸಾಲದು, ಕೈಗೆ ಸಿಗಬೇಕು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಬಂದ 'ಕಪ್ಪುಹಲಗೆ ಕಾರ್ಯಾಚರಣೆ' ಚಿಕ್ಕ ಶಾಲೆಗಳಿಗೂ ಪುಸ್ತಕಗಳನ್ನು ಕಳುಹಿಸಿತು. ಅವು ತಲುಪಿದ ಅನೇಕ ಕಡೆ ಬೀರುವಿನಲ್ಲಿ ಸೇರಿ, ಬೀರುವಿಗೆ ಬೀಗ ಬಿದ್ದಿತು. ನಾನೂ ಆ ಬೀಗ ಹಾಕಿದವನೇ, ಒಪ್ಪಿಕೊಳ್ಳುತ್ತೇನೆ. ಪುಸ್ತಕ ಹರಿದರೆ, ಕಳೆದರೆ ಲೆಕ್ಕ ಕೊಡಬೇಕಾದವನು ನಾನು. ವರ್ಷದ ಕೊನೆಗೆ ಎಣಿಸಿದರೆ ಎಲ್ಲವೂ ಇರುತ್ತಿದ್ದುವು, ಹೊಸದರಂತೆಯೇ. ಪುಸ್ತಕಗಳಿರುವುದು ಬಳಕೆಗೆ ಎಂಬುದನ್ನು ಗ್ರಂಥಾಲಯ ಶಾಸ್ತ್ರದ ಮೊದಲನೆಯ ನಿಯಮವಾಗಿ ಎಸ್. ಆರ್. ರಂಗನಾಥನ್ 1931ರಲ್ಲೇ ಬರೆದಿದ್ದರು. ನಮ್ಮ ಬೆಂಗಳೂರಿನಲ್ಲೇ ಬಾಳಿ 1972ರಲ್ಲಿ ತೀರಿಕೊಂಡ ಆ ಹಿರಿಯರ ಮಾತು ನನಗೆ ತಿಳಿಯಲು ಹಲವು ವರ್ಷಗಳೇ ಬೇಕಾದುವು. ಒಂದು ಜೂನ್ ತಿಂಗಳಲ್ಲಿ ಬೀಗ ತೆಗೆದೆ.

ಮೊದಲ ವಾರ ಓದೇ ನಡೆಯಲಿಲ್ಲ. ಪುಸ್ತಕ ಎಳೆದಾಡಿದರು, ಚಿತ್ರಕ್ಕಾಗಿ ಜಗಳವಾಡಿದರು. ಆಗ ತಿಳಿದದ್ದು, ತಾನಾಗಿ ಓದುವುದನ್ನೂ ಕಲಿಸಬೇಕೆಂದು. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ಪುಸ್ತಕಗಳನ್ನು ತೂಗುಹಾಕಿದೆವು. ಪುಸ್ತಕ ತೆಗೆಯುವುದು ಹೇಗೆ, ಪುಟ ತಿರುವುವುದು ಹೇಗೆ, ಎಲ್ಲಿ ಕೂಡುವುದು, ತಿಳಿಯದ ಪದ ಬಂದರೆ ಏನು ಮಾಡುವುದು, ಮತ್ತೆ ಎಲ್ಲಿಡುವುದು ಎಂಬುದನ್ನೆಲ್ಲ ಒಂದೊಂದು ದಿನ ಒಂದೊಂದಾಗಿ ಮಾಡಿ ತೋರಿಸಿದೆ. ಮೊದಲು ಐದು ನಿಮಿಷ. ಗದ್ದಲ ಎದ್ದೊಡನೆ ನಿಲ್ಲಿಸುವುದು. ದೀಪಾವಳಿಯ ಹೊತ್ತಿಗೆ ಹದಿನೈದು ನಿಮಿಷಕ್ಕೆ ಬಂದೆವು. ಹೊತ್ತು ಮಾತ್ರ ಯಾವ ಕಾರಣಕ್ಕೂ ತಪ್ಪಲಿಲ್ಲ. ಮಧ್ಯಾಹ್ನದ ಊಟವಾದ ಕೂಡಲೆ. ಆ ಹದಿನೈದು ನಿಮಿಷಗಳಲ್ಲಿ ಮೂರು ಮಕ್ಕಳ ಪಕ್ಕದಲ್ಲಿ ನಾನು ಕೂಡುತ್ತಿದ್ದೆ. ಎರಡು ವಾರ ಕಳೆಯುವುದರೊಳಗೆ ತರಗತಿಯ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಕೇಳಿದ್ದಾಯಿತು. ನಾನು ಜಾಣರೆಂದು ಎಣಿಸಿದ್ದ ಐವರು ಆ ಎರಡು ವಾರಗಳಲ್ಲಿ ನನ್ನ ಗೆಳೆಯನಾಗಿಬಿಟ್ಟರು. ವರ್ಷದ ಕೊನೆಗೆ ಪುಸ್ತಕಗಳು ಹರಿದಿದ್ದುವು, ಮೂರು ಕಳೆದಿದ್ದುವು. ಆ ಐವರಲ್ಲಿ ನಾಲ್ವರು ಓದುತ್ತಿದ್ದರು.

ಒಂದು ಶಾಲೆಯ ಈ ಸಣ್ಣ ಅನುಭವ ದೇಶದ ಅನುಭವಕ್ಕೆ ದೂರವಲ್ಲ. 2005ರಿಂದ 'ಅಸರ್' ಎಂಬ ಸಮೀಕ್ಷೆಯ ಕಾರ್ಯಕರ್ತರು ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ, ಒಂದೊಂದು ಮಗುವನ್ನೂ ಬೇರೆಯಾಗಿ ಕೂರಿಸಿಕೊಂಡು, ಒಂದು ಹಾಳೆ ಕೊಟ್ಟು ಓದಿಸಿದರು. 2018ರ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು ಸುಮಾರು ಅರ್ಧದಷ್ಟು ಮಾತ್ರ. ಉಳಿದರ್ಧ ಮಕ್ಕಳೂ ಶಾಲೆಯಲ್ಲೇ ಇದ್ದರು, ಒಕ್ಕೊರಲಿನೊಳಗೆ. ಪಕ್ಕದಲ್ಲಿ ಕುಳಿತು ಕೇಳಿದ ಮೇಲೆ ಕಂಡರು. ಮೂರನೆಯ ತರಗತಿ ಮುಗಿಯುವುದರೊಳಗೆ ಎಲ್ಲ ಮಕ್ಕಳಿಗೂ ಅರ್ಥವರಿತು ಓದಲು ಬರಬೇಕೆಂಬ ಗುರಿಯಿಂದ 2021ರಲ್ಲಿ ಕೇಂದ್ರ ಸರಕಾರ 'ನಿಪುಣ್ ಭಾರತ್' ಯೋಜನೆ ಪ್ರಾರಂಭಿಸಿತು. ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಅಳತೆಯೂ ಅದರಲ್ಲಿದೆ. ಅಳತೆ ಬೇಡವೆನ್ನಲಾರೆ. ಆದರೆ ಅಳತೆಯೇ ಗುರಿಯಾದಾಗ ಏನಾಗುತ್ತದೆಂಬುದನ್ನು 1862ರ ಕಥೆ ನಮಗೆ ಹೇಳಿದೆ.

ನನ್ನ ಗೆಳೆಯ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ. ಬುದ್ಧಿಗೇನೂ ಕಡಮೆಯಿರಲಿಲ್ಲ, ಬಯಲಾಟದಲ್ಲಿ ರಾತ್ರಿಯಿಡೀ ಮಾತು ಹೇಳಬಲ್ಲವನಾಗಿದ್ದ. ಎಷ್ಟೋ ವರ್ಷಗಳ ಮೇಲೆ ಊರ ಜಾತ್ರೆಯಲ್ಲಿ ಸಿಕ್ಕಾಗ ಬಸ್ಸಿನ ಹಲಗೆ ತೋರಿಸಿ, "ಇದು ಯಾವೂರಿಗೆ ಹೋಗ್ತದೆ, ಮೇಷ್ಟ್ರೇ?" ಎಂದ. ಗೆಳೆಯನ ಬಾಯಿಂದ ಮೇಷ್ಟ್ರೇ ಎಂಬ ಮಾತು ಕೇಳಿ ನಾನು ತಲೆ ತಗ್ಗಿಸಿದೆ. ಹಲಗೆಯ ಮೇಲಿದ್ದುದು ನಮ್ಮದೇ ಊರಿನ ಹೆಸರು. ಅವನಿಗೆ ಯಾರೂ ಅನ್ಯಾಯ ಮಾಡಬೇಕೆಂದು ಮಾಡಲಿಲ್ಲ. ಎರಡು ವರ್ಷ ದಿನವೂ ಅವನ ದನಿ ಕೇಳಿದೆವು. ಅವನು ಓದುವುದನ್ನು ಮಾತ್ರ ಯಾರೂ ಪಕ್ಕದಲ್ಲಿ ಕುಳಿತು ಕೇಳಲಿಲ್ಲ.